ಮಾಮಿಯಾ ಸಿ 330: ಎರಡಿಂಚು ಫರಕಿನ ಕ್ಯಾಮೆರಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾಮಿಯಾ ಸಿ 330 ಅಂದರೆ ಒಂದರ ಮೇಲೊಂದು ಎರಡು ಲೆನ್ಸು ಇರುವ ಹಳೇ ಫಿಲಂ ಕ್ಯಾಮೆರಾ. ಕೊಪ್ಪಳದಲ್ಲಿ ಇದನ್ನು ಕೊರಳಿಗೆ ಹಾಕಿಕೊಂಡು ಹೊರಟರೆ ಚಹಾದಂಗಡಿ ಮುಂದೆ ಒಬ್ಬರಾದರೂ ನಿಲ್ಲಿಸುತ್ತಾರೆ. "ಏನ್ರೀ ಇದು, ದುರ್ಬೀನೇನು?" ಅನ್ನುತ್ತಾರೆ. ಹಳೆ ಸ್ಟುಡಿಯೋದವರ ಮಕ್ಕಳು ಅಟ್ಟದ ಮೇಲೆ ಸಿಕ್ಕಿತು ಅಂತ ಫೋಟೋ ಕಳಿಸಿ, ಇದು ಕೆಲಸ ಮಾಡುತ್ತದಾ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಬರೆದು ಬರೆದು ಸಾಕಾಗಿ ಎಲ್ಲ ಒಂದೇ ಕಡೆ ಹಾಕಿದ್ದೇನೆ. ನನ್ನ ಹತ್ತಿರ ಇರುವುದು ಗಂಗಾವತಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಸೋದರಮಾವನ ಕ್ಯಾಮೆರಾ. ಮದುವೆ, ಸೀಮಂತ, ಶಾಲೆ ಗ್ರೂಪ್ ಫೋಟೋ ಎಲ್ಲಾ ಕಂಡಿರುವ ಯಂತ್ರ. ಈಗ ನನ್ನ ಕೈಗೆ ಬಿದ್ದಿದೆ.

ಎರಡು ಕಣ್ಣು ಯಾಕೆ?

ಮೇಲಿನ ಲೆನ್ಸು ನೋಡುವುದಕ್ಕೆ, ಕೆಳಗಿನದು ತೆಗೆಯುವುದಕ್ಕೆ. ಮೇಲಿನ ಲೆನ್ಸಿನ ಹಿಂದೆ ಓರೆಯಾಗಿ ಕನ್ನಡಿ ಇದೆ, ಅದು ಚಿತ್ರವನ್ನು ಮೇಲಿರುವ ಮಬ್ಬು ಗಾಜಿನ ಮೇಲೆ ಬೀಳಿಸುತ್ತದೆ, ನೀವು ಎದೆಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ನೋಡುತ್ತೀರಿ. ಶಟರ್ ಇರುವುದು ಕೆಳಗಿನ ಲೆನ್ಸಿನೊಳಗೆ. ಕನ್ನಡಿ ಅಲ್ಲಾಡುವುದೇ ಇಲ್ಲ, ಹಾಗಾಗಿ ಸದ್ದು ಬಹಳ ಸಣ್ಣದು. ಕೂಸು ಮಲಗಿದ್ದರೆ ಏಳುವುದಿಲ್ಲ.

ಎರಡು ಲೆನ್ಸಿನ ಕ್ಯಾಮೆರಾಗಳು ಬೇಕಾದಷ್ಟಿವೆ. ಆದರೆ ಮಾಮಿಯಾ ಸಿ ಸರಣಿಯಲ್ಲಿ ಲೆನ್ಸು ಬದಲಾಯಿಸಬಹುದು, ಜೋಡಿ ಲೆನ್ಸೇ ಒಂದು ಹಲಗೆ ಸಮೇತ ಕಳಚಿ ಬರುತ್ತದೆ. ಜೊತೆಗೆ ಮುಂಭಾಗ ಹಾರ್ಮೋನಿಯಂ ತಿದಿಯ ಹಾಗೆ ಮುಂದಕ್ಕೆ ಬರುತ್ತದೆ. ಈ ಎರಡು ವಿಷಯ ಗೊತ್ತಾದರೆ ಕ್ಯಾಮೆರಾ ಅರ್ಧ ಗೊತ್ತಾದ ಹಾಗೆ.

ಮೀಡಿಯಂ ಫಾರ್ಮ್ಯಾಟ್ ಅಂದರೆ ಎಷ್ಟು ದೊಡ್ಡದು? ಒಂದು ರೋಲಿಗೆ ಎಷ್ಟು ಫೋಟೋ?

ಇದಕ್ಕೆ ಹಾಕುವುದು 120 ಅನ್ನುವ ಅಗಲದ ಫಿಲಂ ರೋಲು, ಒಂದು ರೋಲಿಗೆ 12 ಫೋಟೋ. ಒಂದೊಂದೂ ಹೆಚ್ಚುಕಡಿಮೆ 56 ಎಂಎಂ ಉದ್ದಗಲದ ಚೌಕ. ನಾವೆಲ್ಲ ಹಿಂದೆ ಬಳಸುತ್ತಿದ್ದ 35 ಎಂಎಂ ರೀಲಿನ ಫೋಟೋ 24ಕ್ಕೆ 36. ಅಂದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ ಜಾಗ. ಮಾವ ತೆಗೆದ ಶಾಲೆ ಗ್ರೂಪ್ ಫೋಟೋದ ನೆಗೆಟಿವ್ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ ಕಡೇ ಸಾಲಿನ ಹುಡುಗನ ಅಂಗಿಯ ಗುಂಡಿ ಎಣಿಸಬಹುದು.

ಸಿ 330, 330 ಎಫ್, 330 ಎಸ್, ಸಿ 220. ಯಾವುದು ತಗೊಳ್ಳಲಿ?

ಸಿ 330 ಬಂದಿದ್ದು 1969ರಲ್ಲಿ, ಎಫ್ 1972ರಲ್ಲಿ, ಎಸ್ 1983ರಲ್ಲಿ. ಮೂರರ ಫೋಟೋದಲ್ಲಿ ವ್ಯತ್ಯಾಸ ಹುಡುಕಬೇಡಿ, ಲೆನ್ಸು ಅದೇ. ಯಾವುದರ ಸ್ಥಿತಿ ಚೆನ್ನಾಗಿದೆಯೋ ಅದನ್ನು ತಗೊಳ್ಳಿ. ಸಿ 220 ಹಗುರ, ಅಗ್ಗ, ಆದರೆ ಅದರಲ್ಲಿ ಫಿಲಂ ಸುತ್ತುವುದು ಬೇರೆ, ಶಟರ್ ಏರಿಸುವುದು, ಅಂದರೆ ಮುಂದಿನ ಫೋಟೋಗೆ ಸಜ್ಜು ಮಾಡುವುದು, ಬೇರೆ. 330ರಲ್ಲಿ ಹ್ಯಾಂಡಲ್ ತಿರುಗಿಸಿದರೆ ಎರಡೂ ಒಟ್ಟಿಗೆ ಆಗುತ್ತದೆ. 220ರಲ್ಲಿ ಅವಸರಕ್ಕೆ ಮರೆತರೆ ಫೋಟೋ ತಪ್ಪುತ್ತದೆ. ಇನ್ನೊಂದು ದೊಡ್ಡ ವ್ಯತ್ಯಾಸ ಗಾಜಿನ ಮೇಲೆ ಇಳಿಯುವ ಕಡ್ಡಿ, ಅದನ್ನು ಮುಂದೆ ಹೇಳುತ್ತೇನೆ.

ಮನೆಯಲ್ಲಿ ಯಾಶಿಕಾ 124 ಜಿ ಇದೆ. ಸಾಲದಾ?

ಬೇಕಾದಷ್ಟು ಸಾಕು. ಅದೂ ಎರಡು ಲೆನ್ಸಿನದೇ, ಹಗುರ, ಅದರಲ್ಲಿ ಬೆಳಕು ಅಳೆಯುವ ಮೀಟರ್ ಕೂಡ ಇದೆ. ಜಾತ್ರೆ, ಬೀದಿ, ಪ್ರಯಾಣ ಅಂದರೆ ನಾನೂ ಯಾಶಿಕಾನೇ ಒಯ್ಯಿ ಅನ್ನುತ್ತೇನೆ. ಮಾಮಿಯಾ 80 ಎಂಎಂ ಲೆನ್ಸು ಹಾಕಿದರೆ ಒಂದೂವರೆ ಕಿಲೋ ದಾಟುತ್ತದೆ, ಗವಿಮಠದ ಜಾತ್ರೆಯಲ್ಲಿ ಮಧ್ಯಾಹ್ನದಿಂದ ತೇರು ಎಳೆಯುವವರೆಗೆ ಕೊರಳಲ್ಲಿ ಹಾಕಿಕೊಂಡು ನಿಂತರೆ ಮರುದಿನ ಕುತ್ತಿಗೆ ತಿರುಗುವುದಿಲ್ಲ. ಹತ್ತಿರದ ಫೋಟೋ ಬೇಕು, ಬೇರೆ ಬೇರೆ ಲೆನ್ಸು ಬೇಕು ಅಂದಾಗ ಮಾತ್ರ ಮಾಮಿಯಾ.

ಗಾಜಿನಲ್ಲಿ ಪೂರ್ತಿ ಕಾಣಿಸುತ್ತಿತ್ತು, ಫೋಟೋದಲ್ಲಿ ತಲೆ ಹೋಗಿದೆ. ಕ್ಯಾಮೆರಾ ಕೆಟ್ಟಿದೆಯಾ?

ಇಲ್ಲ. ಇದು ಎಲ್ಲರಿಗೂ ಒಮ್ಮೆ ಆಗುತ್ತದೆ. ನನಗೆ ಆಗಿದ್ದು ಕಿನ್ನಾಳದಲ್ಲಿ.

ಅಲ್ಲಿ ಚಿತ್ರಗಾರರ ಮನೆಯೊಂದರ ಪಡಸಾಲೆಯಲ್ಲಿ ಎಂಟು ಇಂಚು ಎತ್ತರದ ಗೌರಿ ಗೊಂಬೆ ಇಟ್ಟಿದ್ದರು. ಬಣ್ಣ ಇನ್ನೂ ಹಸಿ. ಟ್ರೈಪಾಡ್ ಹಾಕಿ, ಒಂದೂವರೆ ಅಡಿ ಹತ್ತಿರ ಹೋಗಿ, ಗೊಂಬೆಯ ಕಿರೀಟದ ಮೇಲೆ ಒಂದಿಂಚು, ಪಾದದ ಕೆಳಗೆ ಒಂದಿಂಚು ಜಾಗ ಬಿಟ್ಟು ಅಚ್ಚುಕಟ್ಟಾಗಿ ಹೊಂದಿಸಿದೆ. ಹನ್ನೆರಡು ಫೋಟೋ ತೆಗೆದೆ. ಹನ್ನೆರಡರಲ್ಲೂ ಕಿರೀಟ ಇಲ್ಲ, ಕೆಳಗೆ ಮಾತ್ರ ಖಾಲಿ ಹಲಗೆ ಬೇಕಾದಷ್ಟು ಬಂದಿದೆ. ಮಾವನಿಗೆ ತೋರಿಸಿದೆ. ಅವನು ನೆಗೆಟಿವ್ ಬೆಳಕಿಗೆ ಹಿಡಿದು ನಕ್ಕ: "ನಿನಗ ಕಂಡದ್ದು ರೋಲಿಗೆ ಕಾಣಂಗಿಲ್ಲ ನೋಡಪಾ. ಎರಡಿಂಚು ಫರಕ್ ಐತಿ."

ಲೆಕ್ಕ ಅಷ್ಟೇ. ಎರಡು ಲೆನ್ಸಿನ ನಡುವೆ 50 ಎಂಎಂ, ಅಂದರೆ ಸುಮಾರು ಎರಡಿಂಚು ಅಂತರ. ಕೆಳಗಿನ ಕಣ್ಣು ಎಲ್ಲವನ್ನೂ ಎರಡಿಂಚು ಕೆಳಗಿಂದ ನೋಡುತ್ತದೆ. ಇಟಗಿ ಮಹಾದೇವ ಗುಡಿಯನ್ನು ದೂರದಿಂದ ತೆಗೆದರೆ ಆ ಎರಡಿಂಚು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹತ್ತಿಂಚು ಎತ್ತರದ ಚೌಕಟ್ಟಿನಲ್ಲಿ ಎರಡಿಂಚು ಹೋದರೆ ಐದರಲ್ಲಿ ಒಂದು ಪಾಲು ಹೋಯಿತು. ನಾನು ತಲೆ ಮೇಲೆ ಬಿಟ್ಟಿದ್ದು ಒಂದಿಂಚು, ಹೋಗಿದ್ದು ಎರಡು. ಕಿರೀಟ ಉಳಿಯುವುದಾದರೂ ಹೇಗೆ?

ಸಿ 330ರಲ್ಲಿ ಇದಕ್ಕೇ ಗಾಜಿನಲ್ಲಿ ಒಂದು ಅಡ್ಡ ಕಡ್ಡಿ ಇದೆ. ತಿದಿ ಮುಂದಕ್ಕೆ ಬಂದ ಹಾಗೆಲ್ಲ ಅದು ಮೇಲಿನಿಂದ ಕೆಳಗೆ ಇಳಿಯುತ್ತದೆ. ಫೋಟೋದ ಮೇಲಿನ ಅಂಚು ಆ ಕಡ್ಡಿಯೇ, ಅದರ ಮೇಲೆ ಕಾಣುವುದೆಲ್ಲ ಸುಳ್ಳು. ನಾನು ಆ ದಿನ ಕಡ್ಡಿ ನೋಡಿದ್ದೆ, ಗಾಜಿನಲ್ಲಿ ಏನೋ ಕಸ ಬಿದ್ದಿದೆ ಅಂದುಕೊಂಡಿದ್ದೆ! ಇನ್ನೊಂದು ಮಾತು: ಬದಿಯ ನಾಬಿನಲ್ಲಿ ಯಾವ ಲೆನ್ಸು ಹಾಕಿದ್ದೀರಿ ಅನ್ನುವ ಅಂಕಿ ಸರಿಯಾಗಿ ಇಡಬೇಕು. 135 ಎಂಎಂ ಲೆನ್ಸು ಹಾಕಿಕೊಂಡು ನಾಬ್ 80ರ ಮೇಲೆ ಬಿಟ್ಟಿದ್ದರೆ ಕಡ್ಡಿಯೂ ತಪ್ಪು ಹೇಳುತ್ತದೆ. ಸಿ 220ರಲ್ಲಿ ಹೀಗೆ ತಾನಾಗಿ ಇಳಿಯುವ ಕಡ್ಡಿ ಇಲ್ಲ.

ಹಾಗಾದರೆ ಕಡ್ಡಿ ನೋಡಿ ಕ್ಯಾಮೆರಾ ಸ್ವಲ್ಪ ಮೇಲಕ್ಕೆ ವಾಲಿಸಿದರೆ ಆಯ್ತಲ್ವಾ? ಪ್ಯಾರಾಮೆಂಡರ್ ಅಂತ ಒಂದು ಯಾಕೆ ಬೇಕು?

ತಲೆ ಉಳಿಯುತ್ತದೆ, ಆದರೆ ನೋಟ ಬದಲಾಗುತ್ತದೆ. ವಾಲಿಸಿದರೂ ಕೆಳಗಿನ ಕಣ್ಣು ಇರುವ ಜಾಗ ಎರಡಿಂಚು ಕೆಳಗೇ. ಹಿಂದಿನ ದೀಪ ಗೊಂಬೆಯ ಭುಜದ ಮೇಲೆ ಸರಿಯಾಗಿ ಕಾಣುವ ಹಾಗೆ ಕೂರಿಸಿದ್ದರೆ, ಫೋಟೋದಲ್ಲಿ ಆ ದೀಪ ಭುಜದ ಹಿಂದೆ ಇಳಿದು ಕೂತಿರುತ್ತದೆ. ಕ್ಯಾಮೆರಾವನ್ನೇ ನೆಟ್ಟಗೆ 50 ಎಂಎಂ ಎತ್ತಿದರೆ ಮಾತ್ರ ಕೆಳಗಿನ ಲೆನ್ಸು ಮೇಲಿನದು ಇದ್ದ ಜಾಗಕ್ಕೇ ಬರುತ್ತದೆ. ಪ್ಯಾರಾಮೆಂಡರ್ ಮಾಡುವುದು ಇಷ್ಟೇ ಕೆಲಸ. ಟ್ರೈಪಾಡಿಗೂ ಕ್ಯಾಮೆರಾಗೂ ನಡುವೆ ಕೂರುತ್ತದೆ. ಫೋಕಸ್ ಮಾಡಿ, ಎತ್ತಿ, ಒತ್ತಿ. ಇಡೀ ಸಾಮಾನಿನ ಪಟ್ಟಿಯಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ.

ಆದರೆ ಸಿಗುವುದು ಕಷ್ಟ, ಸಿಕ್ಕರೆ ರೇಟು ಜಾಸ್ತಿ. ನಿಮ್ಮ ಟ್ರೈಪಾಡಿನ ನಡುಗಂಬ ಮೇಲೆ ಕೆಳಗೆ ಆಗುತ್ತದಾ? ಹಾಗಿದ್ದರೆ ಅದರ ಮೇಲೆ ಮೊಳೆಯಿಂದ ಎರಡು ಗೀರು ಹಾಕಿ, ನಡುವೆ ಸರಿಯಾಗಿ ಐದು ಸೆಂಟಿಮೀಟರ್. ಕೆಳಗಿನ ಗೀರಿಗೆ ಇಟ್ಟು ಫೋಕಸ್ ಮಾಡಿ, ಮೇಲಿನ ಗೀರಿಗೆ ಎತ್ತಿ ತೆಗೆಯಿರಿ. ನಡುಗಂಬ ನೆಟ್ಟಗಿರಬೇಕು, ತಿರುಗಬಾರದು. ಎತ್ತುವಾಗ ಕ್ಯಾಮೆರಾ ಒಂದು ಚೂರು ಪಕ್ಕಕ್ಕೆ ತಿರುಗಿದರೆ ಮತ್ತೆ ಮೊದಲಿಂದ. ನಾನು ಹೀಗೇ ಕೆಲಸ ನಡೆಸಿದ್ದೇನೆ. ಎರಡನೇ ಸಲ ಕಿನ್ನಾಳಕ್ಕೆ ಹೋದಾಗ ಕಿರೀಟ ಬಂತು.

ಹತ್ತಿರದಿಂದ ತೆಗೆದಿದ್ದೆಲ್ಲ ಕತ್ತಲೆ ಬರುತ್ತಿದೆ, ಮೀಟರ್ ಸರಿಯಾಗೇ ಇದೆ.

ತಿದಿ ಉದ್ದ ಆದಷ್ಟು ಬೆಳಕು ಸೊರಗುತ್ತದೆ. ಫೋನಿನ ಮೀಟರಿಗೆ ಇದು ಗೊತ್ತಿಲ್ಲ. ಸಿ 330ರ ಗಾಜಿನ ಪಕ್ಕದಲ್ಲೇ 1.5, 2 ಅಂತ ಅಂಕಿಗಳಿವೆ, ಕಡ್ಡಿ ಯಾವ ಅಂಕಿಯ ಹತ್ತಿರ ನಿಂತಿದೆಯೋ ಅಷ್ಟು ಪಟ್ಟು ಬೆಳಕು ಹೆಚ್ಚು ಕೊಡಬೇಕು. ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪು ಅನ್ನುತ್ತಾರೆ. 1.5 ಅಂದರೆ ಸುಮಾರು ಅರ್ಧ ಸ್ಟಾಪು, 2 ಅಂದರೆ ಒಂದು ಸ್ಟಾಪು. ವಸ್ತು ಫಿಲಂ ಮೇಲೆ ತನ್ನಷ್ಟೇ ದೊಡ್ಡದಾಗಿ ಬೀಳುವಷ್ಟು ಹತ್ತಿರ ಹೋದರೆ ನಾಲ್ಕು ಪಟ್ಟು, ಎರಡು ಸ್ಟಾಪು. ಗೌರಿ ಗೊಂಬೆಗೆ ನನಗೆ ಬೇಕಾಗಿದ್ದು ಒಂದೂವರೆ ಪಟ್ಟು.

ಯಾವ ಯಾವ ಲೆನ್ಸು ಇವೆ? ಎಲ್ಲಾ ಬೇಕಾ?

55, 65, 80, 105, 135, 180, 250 ಎಂಎಂ. ಅಂಕಿ ಸಣ್ಣದಾದಷ್ಟು ಅಗಲ ಕಾಣುತ್ತದೆ, ದೊಡ್ಡದಾದಷ್ಟು ದೂರದ್ದು ಹತ್ತಿರ ಬರುತ್ತದೆ. ಎಲ್ಲಾ ಬೇಡ. 80 ಎಂಎಂ ಎಫ್ 2.8 ಕ್ಯಾಮೆರಾ ಜೊತೆಗೇ ಬರುತ್ತದೆ, ಒಂದು ವರ್ಷ ಅದರಲ್ಲೇ ತೆಗೆಯಿರಿ. ಮುಖ ತೆಗೆಯುವವರಿಗೆ 135 ಅಥವಾ 180. ನನಗೆ 180 ಇಷ್ಟ, ಅದೂ ಲೆನ್ಸಿನ ಮೇಲೆ "ಸೂಪರ್" ಅಂತ ಬರೆದಿರುವುದು. ಗುಡಿಯ ಒಳಗೆ, ಸಣ್ಣ ಮನೆಯೊಳಗೆ ತೆಗೆಯುವವರಿಗೆ 55 ಅಥವಾ 65. ಇಟಗಿ ಗುಡಿ 1112ರಲ್ಲಿ ಕಟ್ಟಿದ್ದು, ಅದರ ಮಂಟಪದ ಕಂಬಗಳ ಮಧ್ಯೆ ನಿಂತು 80ರಲ್ಲಿ ನೋಡಿದರೆ ಬರೀ ಎರಡು ಕಂಬ ಸಿಗುತ್ತವೆ, 55 ಹಾಕಿದರೆ ಉಸಿರಾಡಲು ಜಾಗ ಸಿಕ್ಕಂತಾಗುತ್ತದೆ. ಪುರಾತತ್ವ ಇಲಾಖೆ ನೋಡಿಕೊಳ್ಳುವ ಜಾಗದಲ್ಲಿ ಟ್ರೈಪಾಡ್ ಬಿಚ್ಚುವ ಮುಂಚೆ ಅಲ್ಲಿಯವರನ್ನು ಕೇಳಿ. 250 ನಾನಂತೂ ತಗೊಳ್ಳುವುದಿಲ್ಲ. ಎಫ್ ಅಂಕಿ ದೊಡ್ಡದಾದಷ್ಟು ಲೆನ್ಸಿನ ಕಿಂಡಿ ಸಣ್ಣದು, ಇದು ಎಫ್ 6.3, ಗಾಜು ಅಷ್ಟು ಮಬ್ಬಾಗಿ ಕಾಣುತ್ತದೆ.

ಬೆಳ್ಳಿ ಬಣ್ಣದ ಹಳೆ ಲೆನ್ಸುಗಳೂ ಇವಕ್ಕೆ ಕೂರುತ್ತವೆ, ಅಗ್ಗವೂ ಹೌದು. ಆದರೆ ಅವುಗಳ ಶಟರಿಗೆ ಬಿಡಿಭಾಗ ಸಿಗುವುದು ಕಷ್ಟ. ಕಪ್ಪು ಬಣ್ಣದವು ನೋಡಿ. 80ರಲ್ಲಿ ಶಟರ್ ಏರಿಸುವ ಸನ್ನೆಯ ಮೇಲೆ ನೀಲಿ ಚುಕ್ಕೆ ಇದ್ದರೆ ಹೊಸ ಕಾಲದ್ದು ಅಂತ ಅರ್ಥ.

ಲೆನ್ಸು ಬದಲಾಯಿಸಿದ ಮೇಲೆ ಶಟರ್ ಬೀಳುತ್ತಲೇ ಇಲ್ಲ!

ಬದಿಯಲ್ಲಿ ಲಾಕ್, ಅನ್‌ಲಾಕ್ ಅಂತ ಇರುವ ನಾಬ್ ನೋಡಿ. ಲೆನ್ಸು ತೆಗೆಯುವ ಮುಂಚೆ ಅದನ್ನು ಅನ್‌ಲಾಕ್‌ಗೆ ತಿರುಗಿಸಿದಿರಿ ಅಲ್ವಾ, ಆಗ ಫಿಲಂ ಮುಂದೆ ಒಂದು ಪರದೆ ಬಂದು ನಿಂತಿದೆ, ಬಿಸಿಲು ಬೀಳದಿರಲಿ ಅಂತ. ವಾಪಸ್ ಲಾಕ್‌ಗೆ ತಿರುಗಿಸುವವರೆಗೆ ಕ್ಯಾಮೆರಾ ಒತ್ತಲು ಬಿಡುವುದಿಲ್ಲ. ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ.

ಹಳೇದು ಕೊಳ್ಳುವಾಗ ಏನು ನೋಡಬೇಕು?

ಮೊದಲು ತಿದಿ. ಕತ್ತಲೆ ಕೋಣೆಗೆ ಒಯ್ದು, ಹಿಂದಿನ ಬಾಗಿಲು ತೆಗೆದು, ತಿದಿ ಪೂರ್ತಿ ಎಳೆದು, ಒಳಗೆ ಟಾರ್ಚ್ ಇಡಿ. ಮಡಿಕೆಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ. ನಮ್ಮ ಕಡೆಯ ಬಿಸಿಲಿಗೆ ತಗಡಿನ ಸೂರಿನ ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಇದ್ದ ಕ್ಯಾಮೆರಾಗಳಿಗೆ ಇದೇ ಮೊದಲ ರೋಗ. ಒಂದೆರಡು ತೂತನ್ನು ಕಪ್ಪು ಬಣ್ಣ, ತೆಳು ಅಂಟು ಹಚ್ಚಿ ಮುಚ್ಚಬಹುದು. ತುಂಬಾ ಇದ್ದರೆ ಬಿಟ್ಟುಬಿಡಿ.

ಆಮೇಲೆ ಶಟರ್. ಒಂದು ಸೆಕೆಂಡಿಗೆ ಇಟ್ಟು ಒತ್ತಿ, ಬಾಯಲ್ಲಿ ಎಣಿಸಿ. ಅರ್ಧಕ್ಕೆ ನಿಂತರೆ, ಅಥವಾ ಮೊದಲ ಸಲ ನಿಧಾನ ಮಾಡಿ ನಾಲ್ಕನೇ ಸಲಕ್ಕೆ ಸರಿಹೋದರೆ, ಒಳಗೆ ಎಣ್ಣೆ ಜಿಡ್ಡು ಕಟ್ಟಿದೆ. ಬಿಚ್ಚಿ ತೊಳೆಸಬೇಕು. ನಾನು ಒಮ್ಮೆ ನೋಡದೆ ದುಡ್ಡು ಕಳಿಸಿ ಒಂದು 135 ತರಿಸಿದ್ದೆ, ಹೊಚ್ಚ ಹೊಸದರ ಹಾಗಿದೆ ಅಂತ ಮಾರುವವರು ಬರೆದಿದ್ದರು. ಗಾಜು ನಿಜಕ್ಕೂ ಫಳಫಳ. ಶಟರ್ ಮಾತ್ರ ತೆರೆದರೆ ಮುಚ್ಚುತ್ತಿರಲಿಲ್ಲ. ಫೋನು ಮಾಡಿದರೆ "ಲೆನ್ಸ್ ಚೆನ್ನಾಗಿದೆ ಅಂದಿದ್ದೆ, ಶಟರ್ ಬಗ್ಗೆ ಏನೂ ಹೇಳಿರಲಿಲ್ಲ" ಅಂದರು. ರಿಪೇರಿಗೆ ಕೊಟ್ಟಿದ್ದು ಲೆನ್ಸಿನ ಅರ್ಧ ರೇಟು.

ಕೊನೆಗೆ ಲೆನ್ಸಿನೊಳಗೆ ಟಾರ್ಚ್ ಹಾಕಿ ಬೂಷ್ಟು ಇದೆಯಾ ನೋಡಿ, ಜೇಡರ ಬಲೆಯ ಎಳೆಯ ಹಾಗೆ ಕಾಣುತ್ತದೆ. ಕರಾವಳಿಯಿಂದ ಬಂದ ಲೆನ್ಸಾದರೆ ಎರಡು ಸಲ ನೋಡಿ. ಮೇಲಿನ ಲೆನ್ಸಿನಲ್ಲಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ, ಅದು ಫೋಟೋಗೆ ಬರುವುದಿಲ್ಲ. ಚೌಕಾಸಿಗೆ ಒಳ್ಳೆ ನೆಪ.

ಮಿಕ್ಕ ಸಾಮಾನುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ?

ಕೇಬಲ್ ರಿಲೀಸ್ (ಕ್ಯಾಮೆರಾ ಮುಟ್ಟದೆ ಶಟರ್ ಒತ್ತುವ ತಂತಿ) ಮತ್ತು ಲೆನ್ಸ್ ಹುಡ್ (ಲೆನ್ಸಿಗೆ ಬಿಸಿಲು ಬೀಳದ ಹಾಗೆ ಮರೆ). ಇವೆರಡು ಮೊದಲು.

ಮಾಮೂಲಿ ಗಾಜಿನಲ್ಲಿ ಎಡ ಬಲ ಅದಲು ಬದಲು ಕಾಣುತ್ತದೆ. ತೇರು ಬಲಕ್ಕೆ ಹೋಗುತ್ತಿದ್ದರೆ ಗಾಜಿನಲ್ಲಿ ಎಡಕ್ಕೆ, ನೀವು ಬೆನ್ನಟ್ಟಿ ಕ್ಯಾಮೆರಾ ತಿರುಗಿಸಿದರೆ ತೇರು ಚೌಕಟ್ಟಿನಿಂದಲೇ ಓಡಿಹೋಗುತ್ತದೆ. ಒಂದೆರಡು ರೋಲಿನಲ್ಲಿ ರೂಢಿ ಆಗುತ್ತದೆ. ಆಗುವುದೇ ಇಲ್ಲ ಅನ್ನುವವರಿಗೆ ಗಾಜಿನ ಮೇಲೆ ಕೂರಿಸುವ ಪ್ರಿಸಂ ಫೈಂಡರ್ ಇದೆ, ಪೊರ್ರೊ ಫೈಂಡರ್ ಇದೆ, ಎರಡರಲ್ಲೂ ನೇರ ಕಾಣುತ್ತದೆ. ಪ್ರಿಸಂ ಭಾರ, ಪೊರ್ರೊ ಹಗುರ ಆದರೆ ಮಬ್ಬು. ಮೀಟರ್ ಇರುವ ಫೈಂಡರಿಗೆ ದುಡ್ಡು ಹಾಕಬೇಡಿ, ಅದು ಹಳೇ ಪಾದರಸದ ಸೆಲ್ಲಿಗೆ ಮಾಡಿದ್ದು. ಕ್ಯಾಮೆರಾಗೆ ಮಾತ್ರ ಯಾವ ಸೆಲ್ಲೂ ಬೇಡ.

ಫಿಲ್ಟರ್: 80, 105, 135ಕ್ಕೆ 46 ಎಂಎಂ, 65 ಮತ್ತು 180ಕ್ಕೆ 49. ಕಪ್ಪುಬಿಳುಪಿಗೆ ಒಂದು ಹಳದಿ ಫಿಲ್ಟರ್ ಇರಲಿ, ಮೋಡ ಎದ್ದು ಕಾಣುತ್ತದೆ. ಫಿಲ್ಟರ್ ಹಾಕಬೇಕಾದ್ದು ಕೆಳಗಿನ ಲೆನ್ಸಿಗೆ. ಪೋಲರೈಸರ್ (ಪ್ರತಿಫಲಿಸುವ ಹೊಳಪು ತಗ್ಗಿಸುವ ಫಿಲ್ಟರ್) ಆದರೆ ಮೊದಲು ಮೇಲಿನ ಲೆನ್ಸಿನ ಮುಂದೆ ಹಿಡಿದು ತಿರುಗಿಸಿ, ಅಂಚಿನ ಗುರುತು ಯಾವ ಕಡೆ ನಿಂತಿತು ನೋಡಿಕೊಂಡು, ಹಾಗೇ ಕೆಳಗೆ ಹಾಕಬೇಕು.

ಫ್ಲ್ಯಾಶ್ ಹೊಡೆಯಿತು, ಫೋಟೋ ಮಾತ್ರ ಕತ್ತಲೆ.

ಲೆನ್ಸಿನ ಪಕ್ಕದ ಸಣ್ಣ ಸನ್ನೆ ಎಂ ಕಡೆ ಇದೆ. ಅದು ಹಳೇ ಬಲ್ಬು ಫ್ಲ್ಯಾಶಿಗೆ. ಎಕ್ಸ್ ಕಡೆ ತಳ್ಳಿ. ಮಾವ ಎಕ್ಸ್ ಮೇಲೆ ಅಂಟಿನ ಒಂದು ಹನಿ ಹಾಕಿಬಿಟ್ಟಿದ್ದಾನೆ, ಇವತ್ತಿಗೂ ಹಾಗೇ ಇದೆ. ಎಕ್ಸ್‌ನಲ್ಲಿ 1/500ರ ತನಕ ಯಾವ ವೇಗದಲ್ಲೂ ಫ್ಲ್ಯಾಶ್ ಕೂಡುತ್ತದೆ.

ಮೀಟರ್ ಇಲ್ಲದೆ ಹೇಗೆ?

ಫೋನಿನಲ್ಲಿ ಆ್ಯಪ್ ಇದೆ. ನೆತ್ತಿ ಮೇಲೆ ಬಿಸಿಲಿದ್ದರೆ ಅದೂ ಬೇಡ: ಎಫ್ 16 ಇಟ್ಟು ಫಿಲಂನ ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಚುರುಕಿನ ಅಂಕಿ, ಎಷ್ಟೋ ಅಷ್ಟರಲ್ಲಿ ಒಂದು ಪಾಲು ಸೆಕೆಂಡು. ನಮ್ಮ ಬೇಸಿಗೆಗೆ 400ರ ಫಿಲಂ ಹಾಕಿದರೆ 1/500, ಎಫ್ 16ಕ್ಕೇ ನಿಂತುಬಿಡುತ್ತೀರಿ, ಯಾಕೆಂದರೆ ಇದರ ಅತಿ ವೇಗವೇ 1/500. ಹಿನ್ನೆಲೆ ಮಸುಕಾಗಿಸುವ ಆಸೆ ಇದ್ದರೆ ಹಗಲು ಹೊತ್ತು ಎಫ್‌ಪಿ4ರಂಥ 125ರ ಫಿಲಂ ಹಾಕಿ. ಗುಡಿಯೊಳಗೆ 400ರ ಎಚ್‌ಪಿ5. ಅದರಲ್ಲಿ ಮೀಟರ್ ಹತ್ತು ಸೆಕೆಂಡು ಅಂದರೆ ಇಪ್ಪತ್ತು ಕೊಡಿ, ಅಷ್ಟು ಹೊತ್ತಿಗೆ ಫಿಲಂ ಸುಸ್ತಾಗಿರುತ್ತದೆ.

ಫಿಲಂ ಎಲ್ಲಿ ಸಿಗುತ್ತದೆ, ಹಾಕುವುದು ಹೇಗೆ?

ಕೊಪ್ಪಳದಲ್ಲಿ ಸಿಗುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು. ಮಾವನ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ "ಇಂದು" ಹೆಸರಿನ ರೋಲು ಬರುತ್ತಿತ್ತು. ಈಗ ಇಲ್ಫರ್ಡ್, ಕೊಡಾಕ್, ಫೋಮಾ.

ಹಿಂದಿನ ಬಾಗಿಲಿನೊಳಗೆ ಒತ್ತುವ ತಗಡು ಇದೆ, ಅದರ ಮೇಲೆ 120 ಅಂತ ಕಾಣುವ ಹಾಗೆ ತಿರುಗಿಸಿ. 220 ಕಾಣುತ್ತಿದ್ದರೆ, ಅದು ಇನ್ನೊಂದು ಬಗೆಯ ರೋಲಿಗೆ, ಫೋಕಸ್ ಕೈಕೊಡುತ್ತದೆ. ಹೊಸ ರೋಲು ಕೆಳಗೆ, ಖಾಲಿ ಸುರುಳಿ ಮೇಲೆ. ರೋಲಿನ ಕಾಗದದ ಮೇಲಿರುವ ಬಾಣ ಕ್ಯಾಮೆರಾದ ಗುರುತಿಗೆ ಬಂದಾಗ ಬಾಗಿಲು ಮುಚ್ಚಿ, 1 ಬರುವವರೆಗೆ ಸುತ್ತಿ. ಇದೆಲ್ಲ ನೆರಳಲ್ಲಿ. ನೆರಳಿಲ್ಲ ಅಂದರೆ ಬಿಸಿಲಿಗೆ ಬೆನ್ನು ಹಾಕಿ ನಿಮ್ಮದೇ ನೆರಳಲ್ಲಿ ಹಾಕಿ. ಖಾಲಿ ಸುರುಳಿ ಎಸೆಯಬೇಡಿ, ಮುಂದಿನ ರೋಲು ಸುತ್ತಿಕೊಳ್ಳುವುದು ಅದಕ್ಕೇ.

ತೊಳೆಯುವುದು ಮನೆಯಲ್ಲೇ ಆಗುತ್ತದಾ?

ಕಪ್ಪುಬಿಳುಪು ಆಗುತ್ತದೆ. ತೊಂದರೆ ಇರುವುದು ನೀರಿನದು. ಎಚ್‌ಪಿ5 ಅನ್ನು ಐಡಿ-11 ಅನ್ನುವ ಡೆವಲಪರ್ ದ್ರಾವಣದಲ್ಲಿ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ ಅನ್ನುತ್ತಾರೆ, ಏಪ್ರಿಲ್‌ನಲ್ಲಿ ನಮ್ಮ ಮನೆಯ ಟ್ಯಾಂಕಿನ ನೀರು ಕೈ ಸುಡುತ್ತದೆ. ಹಿಂದಿನ ರಾತ್ರಿಯೇ ಮಣ್ಣಿನ ಹರವಿಗೆ ನೀರು ತುಂಬಿಡುತ್ತೇನೆ, ಬೆಳಗಿನ ಜಾವ ಎದ್ದು ಅದನ್ನು ಬಳಸುತ್ತೇನೆ. ಉಳಿದ ನಾಲ್ಕೈದು ಡಿಗ್ರಿ ಇಳಿಸುವುದಕ್ಕೆ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರಗಿನ ಬೇಸಿನ್ನಿನಲ್ಲಿ ಇಡುತ್ತೇನೆ, ಡೆವಲಪರ್ ಒಳಗೆ ಹಾಕುವುದಿಲ್ಲ.

ಬೋರ್‌ವೆಲ್ ನೀರಲ್ಲಿ ಕೊನೆಯ ತೊಳೆತ ಮಾಡಿದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದಿಟ್ಟುಕೊಳ್ಳಿ, ಕಡೇ ಮುಳುಗು ಅದರಲ್ಲಿ. ಬಚ್ಚಲಲ್ಲಿ ಒಣಹಾಕಿ, ಫ್ಯಾನ್ ಹಾಕಬೇಡಿ. ಕಲರ್ ಆದರೆ ನಾನು ಬೆಂಗಳೂರಿಗೆ ಕಳಿಸುತ್ತೇನೆ.

ಧೂಳು, ಬಿಸಿಲಿಗೆ ಹೇಗೆ ಇಡುವುದು?

ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಹೊಟ್ಟು ಗಾಳಿಯಲ್ಲೇ ಇರುತ್ತದೆ. ಮಾವ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ನಾನೂ ಅದನ್ನೇ ಮಾಡುತ್ತೇನೆ. ಚರ್ಮದ ಕೇಸಿನಲ್ಲಿ ಇಟ್ಟರೆ ಮಳೆಗಾಲದಲ್ಲಿ ಬೂಷ್ಟು. ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಎಣ್ಣೆ ಕರಗಿ ಶಟರ್ ರೆಕ್ಕೆಗೆ ಇಳಿಯುತ್ತದೆ. ತಿದಿ ಹಿಂದಕ್ಕೆ ತಳ್ಳಿ ಇಡಿ, ತಿಂಗಳಿಗೊಮ್ಮೆ ತೆಗೆದು ಎಲ್ಲಾ ವೇಗದಲ್ಲೂ ಶಟರ್ ಹೊಡೆಯಿರಿ.

ಇಡೀ ರೋಲು ಖಾಲಿ ಬಂದಿದೆ, ಒಂದು ಗೆರೆಯೂ ಇಲ್ಲ. ಅಂಚಿನ ಅಕ್ಷರ ಮಾತ್ರ ಇದೆ.

ಅಕ್ಷರ ಇದೆ ಅಂದರೆ ತೊಳೆದಿದ್ದು ಸರಿಯಾಗಿದೆ. ಕೆಳಗಿನ ಲೆನ್ಸಿನ ಮುಚ್ಚಳ ತೆಗೆದಿದ್ದಿರಾ? ಮೇಲಿನದು ತೆಗೆದರೆ ಸಾಕು, ಗಾಜಿನಲ್ಲಿ ಎಲ್ಲಾ ಚೆನ್ನಾಗಿ ಕಾಣುತ್ತದೆ. ನಾನು ಆನೆಗೊಂದಿಯಲ್ಲಿ ತೆಪ್ಪ, ಬಂಡೆ, ಬಾಳೆತೋಟ ಅಂತ ಹನ್ನೆರಡು ಫೋಟೋ ಹೀಗೇ ತೆಗೆದಿದ್ದೇನೆ. ಈಗ ಎರಡು ಮುಚ್ಚಳಕ್ಕೂ ಒಂದೇ ದಾರ ಕಟ್ಟಿದ್ದೇನೆ, ಒಂದು ಎಳೆದರೆ ಇನ್ನೊಂದೂ ಬರುತ್ತದೆ.